ಬೇರೆಯವರ ಮೈಗೆ ಹೊಂದಿಸಿದ ಸೈಕಲ್ಲು, ನಿಮ್ಮ ಮೊಣಕಾಲು

ಪ್ರಶ್ನೆ: ನಾನು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ವಯಸ್ಸು 46, ಎತ್ತರ 168 ಸೆಂ.ಮೀ., ತೂಕ 76 ಕೆ.ಜಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾವುದೂ ಇಲ್ಲ. ಇಲ್ಲಿಯೇ ರೇಸ್ ಮಾಡುತ್ತಿದ್ದ ಹುಡುಗನೊಬ್ಬ ನೌಕರಿ ಸಿಕ್ಕಿ ಊರು ಬಿಡುವಾಗ ಅವನ ರೋಡ್ ಬೈಕನ್ನು (ರೇಸಿನ ಸೈಕಲ್ಲನ್ನು) ಮಾರ್ಚ್ ತಿಂಗಳಲ್ಲಿ ಕೊಂಡೆ. ಶೂ ಮಾತ್ರ ಹೊಸದು. ಅದರ ಅಡಿಗೆ, ಶೂವನ್ನು ಪೆಡಲಿಗೆ ಸಿಕ್ಕಿಸುವ ಅವನ ಹಳೆಯ ಕೆಂಪು ಕ್ಲೀಟುಗಳನ್ನೇ ಹಾಕಿಸಿದೆ. ವಾರಕ್ಕೆ ನಾಲ್ಕು ದಿನ 25 ಕಿ.ಮೀ., ಭಾನುವಾರ 50 ಕಿ.ಮೀ. ಹೋಗುತ್ತಿದ್ದೆ. ಜೂನ್‌ನಿಂದ ಹುಡುಗರ ಗುಂಪಿನ ಜೊತೆ ಭಾನುವಾರ 90–100 ಕಿ.ಮೀ. ಹೋಗತೊಡಗಿದೆ. ಈಗ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ನೋವು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಎರಡೂ ಕೈಗಳ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ; ಕೆಲವು ದಿನ ಮೊದಲ ಪಿರಿಯಡ್‌ನಲ್ಲಿ ಸೀಮೆಸುಣ್ಣವೂ ಸರಿಯಾಗಿ ಹಿಡಿಯಲಾಗುವುದಿಲ್ಲ. ಹೇಳಲು ಸಂಕೋಚ, ಆದರೂ ಬರೆಯುತ್ತೇನೆ: ಒಂದು ಗಂಟೆ ಕುಳಿತರೆ ತೊಡೆಸಂದಿಯೂ ಮರಗಟ್ಟುತ್ತದೆ. ಅದಕ್ಕಾಗಿ ಸೀಟಿನ ಮೂತಿಯನ್ನು ಕೆಳಕ್ಕೆ ಬಗ್ಗಿಸಿದೆ. ಹ್ಯಾಂಡಲ್ ದೂರ ಅನ್ನಿಸಿ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿದ್ದೇನೆ. ಕುಳಿತಲ್ಲೇ ಕಾಲು ನೆಲಕ್ಕೆ ತಾಗಬೇಕು ಎಂದು ಒಬ್ಬರು ಹೇಳಿದ್ದರಿಂದ ಇಳಿಸಿಯೂ ಇದ್ದೇನೆ. ದೊಡ್ಡ ಗೇರ್ ತುಳಿದರೆ ಕಾಲು ಗಟ್ಟಿಯಾಗುತ್ತದೆ, ಟೈರಿಗೆ 120 ಪಿ.ಎಸ್.ಐ. ಗಾಳಿ ಇರಬೇಕು, ಜೆಲ್ ಸೀಟ್ ಕವರ್ ಹಾಕಿ ಎಂಬ ಸಲಹೆಗಳೂ ಬಂದಿವೆ. ನಲವತ್ತು ದಾಟಿದವರ ಮೊಣಕಾಲು ಸೈಕಲ್ಲಿನಿಂದ ಸವೆಯುತ್ತದೆ ಎಂದು ಮನೆಯವರು ಅದನ್ನು ಮಾರಲು ಹೇಳುತ್ತಿದ್ದಾರೆ. ಜನವರಿಯಲ್ಲಿ 200 ಕಿ.ಮೀ. ಬ್ರೆವೆ (ನಿಗದಿತ ಅವಧಿಯೊಳಗೆ ಮುಗಿಸುವ ದೂರದ ಸವಾರಿ) ಮಾಡುವ ಆಸೆ ಇದೆ. ಅಳತೆಗಳು: ಕಾಲಿನ ಒಳಅಳತೆ 78 ಸೆಂ.ಮೀ.; ಕ್ರ್ಯಾಂಕಿನ (ಪೆಡಲುಗಳ ತೋಳು ತಿರುಗುವ ಅಚ್ಚಿನ) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ 66; ಸ್ಟೆಮ್ (ಹ್ಯಾಂಡಲನ್ನು ಮುಂದಕ್ಕೆ ಚಾಚಿ ಹಿಡಿಯುವ ತುಂಡು) 120 ಮಿ.ಮೀ.; ಟೈರಿನ ಅಗಲ 23 ಮಿ.ಮೀ.; ಮುಂದಿನ ಹಲ್ಲುಗಾಲಿಗಳು 53 ಮತ್ತು 39 ಹಲ್ಲಿನವು.

ಉತ್ತರ: ಕೇಳುವ ಮೊದಲೇ ಅಳತೆಗಳನ್ನು ಕಳಿಸಿದ್ದೀರಿ. ನನ್ನ ಬಳಿ ಬರುವ ಹೆಚ್ಚಿನವರು ‘ಕಾಲು ನೋಯುತ್ತದೆ’ ಎನ್ನುವುದರಾಚೆ ಏನನ್ನೂ ಹೇಳುವುದಿಲ್ಲ. ಗಣಿತದ ಮಾಸ್ತರರು ನನ್ನ ಅರ್ಧ ಕೆಲಸ ಮುಗಿಸಿದ್ದೀರಿ. ನೀವು ಮೂರು ನೋವುಗಳ ಬಗ್ಗೆ ಬರೆದಿದ್ದರೂ ಪತ್ರದ ತಳದಲ್ಲಿರುವುದು ಒಂದೇ ಅಳುಕು: ಈ ವಯಸ್ಸಿಗೆ ಇದು ಬೇಕಿತ್ತೇ? ಫಿಸಿಯೊಥೆರಪಿಸ್ಟ್ ಆಗಿ, ಸೈಕಲ್ ತುಳಿಯುವವರನ್ನು ಇದೇ ಊರಿನಲ್ಲಿ ಬಹುಕಾಲದಿಂದ ನೋಡುತ್ತ ಬಂದವನಾಗಿ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ನಿಮ್ಮ ಮೊಣಕಾಲಿಗೆ ವಯಸ್ಸಾಗಿದೆ ಎನ್ನಲು ಈ ಪತ್ರದಲ್ಲಿ ಆಧಾರವಿಲ್ಲ. ಸೈಕಲ್ಲು ನಿಮಗೆ ಹೊಂದಿಕೊಂಡಿಲ್ಲ ಎನ್ನಲು ಮಾತ್ರ ಸಾಲುಸಾಲಾಗಿ ಆಧಾರಗಳಿವೆ. ಬೇರೆಯವರ ಕನ್ನಡಕ ಹಾಕಿಕೊಂಡು ತಲೆನೋವು ಬಂದಾಗ ಯಾರೂ ತಲೆಯನ್ನು ದೂರುವುದಿಲ್ಲವಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯಕ್ಕೆ, ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುತ್ತಲೇ ಬಂದಿವೆ. ಬೆಳಿಗ್ಗೆ ಸೊಲ್ಲಾಪುರ ರಸ್ತೆಗೆ ಹೋದರೆ ಕ್ರೀಡಾ ವಸತಿ ನಿಲಯದ ಮಕ್ಕಳು ಬೆನ್ನನ್ನು ನೆಲಕ್ಕೆ ಸಮಾನಾಂತರ ಮಾಡಿಕೊಂಡು ಸಾಗುವುದನ್ನು ನೋಡಬಹುದು. ಇದರಿಂದ ನಮ್ಮ ಊರಿಗೆ ಒಂದು ಲಾಭವಾಗಿದೆ, ಒಂದು ತೊಂದರೆಯೂ ಆಗಿದೆ. ಒಳ್ಳೆಯ ರೋಡ್ ಬೈಕುಗಳು ಎರಡನೇ ಕೈಗೆ ಕಡಿಮೆ ಬೆಲೆಯಲ್ಲಿ ಸಿಗುತ್ತವೆ, ಅದು ಲಾಭ. ಆ ಮಕ್ಕಳ ಭಂಗಿಯೇ ಸರಿಯಾದ ಭಂಗಿ ಎಂಬ ನಂಬಿಕೆ ಬೆಳೆದಿದೆ, ಅದು ತೊಂದರೆ. ಆ ಹುಡುಗರು ಹದಿಮೂರು ಹದಿನಾಲ್ಕನೇ ವಯಸ್ಸಿನಿಂದ ದಿನವೂ ಗಂಟೆಗಟ್ಟಲೆ ತುಳಿದು ಸೊಂಟ, ಬೆನ್ನು, ಕುತ್ತಿಗೆಗಳನ್ನು ಆ ಬಾಗಿಗೆ ಒಗ್ಗಿಸಿಕೊಂಡವರು. ಅವರ ಉದ್ದ ಸ್ಟೆಮ್ಮು, ತಗ್ಗಿದ ಹ್ಯಾಂಡಲ್, ಅಲುಗದ ಕ್ಲೀಟು ಆ ದುಡಿಮೆಯ ಫಲ. ದಿನವಿಡೀ ಕಪ್ಪುಹಲಗೆಯ ಮುಂದೆ ನಿಲ್ಲುವ, ಸಂಜೆ ಉತ್ತರಪತ್ರಿಕೆಗಳ ಮೇಲೆ ಬಗ್ಗಿ ಕೂರುವ ನಿಮ್ಮ ಬೆನ್ನು ಅವನ್ನು ಮಾರ್ಚ್‌ನಲ್ಲಿ ಒಂದೇ ಬಾರಿಗೆ ಪಡೆದುಕೊಂಡಿತು.

ಆಮೇಲೆ ನಡೆದದ್ದನ್ನು ನಿಮ್ಮ ಪತ್ರದಿಂದಲೇ ಜೋಡಿಸಬಹುದು. 168 ಸೆಂ.ಮೀ. ಎತ್ತರದವರಿಗೆ 120 ಮಿ.ಮೀ. ಸ್ಟೆಮ್ ಸಾಮಾನ್ಯವಾಗಿ ಉದ್ದವೇ. ಹ್ಯಾಂಡಲ್ ದೂರವಾಯಿತು, ಸೀಟನ್ನು ಮುಂದಕ್ಕೆ ಎಳೆದಿರಿ. ಬೀಳುವ ಭಯಕ್ಕೆ ಸೀಟನ್ನು ಇಳಿಸಿದಿರಿ. ಎರಡೂ ಸೇರಿ ಮೊಣಕಾಲು ಹೆಚ್ಚು ಮಡಚಿಕೊಂಡು, ಪೆಡಲಿನ ಅಕ್ಷಕ್ಕಿಂತ ಮುಂದೆ ಹೋಗಿ ಭಾರ ಹೊರತೊಡಗಿತು. ಮೊಣಕಾಲು ಮಡಚಿದಷ್ಟೂ ಚಿಪ್ಪು ತೊಡೆಯೆಲುಬಿಗೆ ಒತ್ತಿಕೊಳ್ಳುವ ಬಲ ಹೆಚ್ಚುತ್ತದೆ, ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹೆಚ್ಚು ಎಳೆತಕ್ಕೆ ಸಿಗುತ್ತದೆ. ನೀವು ನೋವು ತೋರಿಸುತ್ತಿರುವ ಜಾಗವೂ ಅದೇ. ಇತ್ತ, ದೂರದ ಹ್ಯಾಂಡಲ್‌ಗಾಗಿ ಸೊಂಟ ಮುಂದಕ್ಕೆ ಉರುಳಿದಾಗ ಭಾರ ಕುಳಿತುಕೊಳ್ಳುವ ಎಲುಬುಗಳನ್ನು ಬಿಟ್ಟು ಅವುಗಳ ನಡುವಿನ ಮೃದು ಭಾಗಕ್ಕೆ ಬಿತ್ತು. ಅಲ್ಲಿನ ನರ, ರಕ್ತನಾಳಗಳು ಒತ್ತಿಕೊಂಡು ಮರಗಟ್ಟಿತು. ಸೀಟಿನ ಮೂತಿ ಬಗ್ಗಿಸಿದಿರಿ. ಈಗ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ಅಂಗೈಗಳು ತಡೆದು ನಿಲ್ಲಿಸುತ್ತಲೇ ಇರುತ್ತವೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರ ಅಂಚಿನಲ್ಲಿ, ಮಣಿಕಟ್ಟಿನ ಬುಡದಲ್ಲಿ ಚರ್ಮಕ್ಕೆ ಹತ್ತಿರವಾಗಿಯೇ ಹಾದುಹೋಗುತ್ತದೆ. ಹ್ಯಾಂಡಲ್ ಒತ್ತುವುದು ಅಲ್ಲಿಯೇ. ನೀವು ಮಾಡಿದ ಪ್ರತಿ ಬದಲಾವಣೆಗೂ ಕಾರಣವಿತ್ತು. ಒಂದೊಂದೂ ಒಂದು ನೋವನ್ನು ಇನ್ನೊಂದು ಜಾಗಕ್ಕೆ ದಾಟಿಸಿತು, ಅಷ್ಟೇ.

ಮೊದಲು ಮನೆಯವರ ಮಾತು. ನಲವತ್ತರ ನಂತರ ಸೈಕಲ್ ಮೊಣಕಾಲು ಸವೆಸುತ್ತದೆ ಎಂಬುದು ತಪ್ಪು. ಓಟದಲ್ಲಿ ಆಗುವ ಹಾಗೆ ನೆಲದ ಪೆಟ್ಟು ಇಲ್ಲಿ ಕೀಲಿಗೆ ಬೀಳುವುದಿಲ್ಲ. ಸಂಧಿವಾತ ಇದ್ದವರಿಗೂ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರಿಗೂ ನಾವು ವ್ಯಾಯಾಮದ ಸೈಕಲ್ಲನ್ನು ತುಳಿಸುತ್ತೇವೆ. ಎಕ್ಸ್-ರೇ ತೆಗೆಸಿದರೆ ನಿಮ್ಮ ವಯಸ್ಸಿನವರಲ್ಲಿ ‘ಸ್ವಲ್ಪ ಸವೆತ’ ಎಂಬ ಸಾಲು ಬರುವುದು ಅಪರೂಪವಲ್ಲ; ನೋವೇ ಇಲ್ಲದವರ ಚಿತ್ರದಲ್ಲೂ ಅದು ಕಾಣುತ್ತದೆ. ಆ ಒಂದು ಸಾಲಿಗೆ ಹೆದರಿ ಸೈಕಲ್ ಬಿಟ್ಟವರನ್ನು ನೋಡಿದ್ದೇನೆ. ಅವರ ಮೊಣಕಾಲು ಮೊದಲಿಗಿಂತ ಚೆನ್ನಾಗಿಯೇನೂ ಆಗಲಿಲ್ಲ, ಹೊಟ್ಟೆ ಮಾತ್ರ ಬೆಳೆಯಿತು.

ಕುಳಿತಲ್ಲಿಂದ ಕಾಲು ನೆಲಕ್ಕೆ ತಾಗಬೇಕು ಎಂಬ ಸಲಹೆ ಮೋಟರ್‌ಬೈಕು, ಸ್ಕೂಟರುಗಳಿಂದ ಬಂದದ್ದು. ತುಳಿಯುವ ಸೈಕಲ್ಲಿಗೆ ಅದು ಹೊಂದುವುದಿಲ್ಲ. ನಿಲ್ಲಬೇಕಾದಾಗ ಬ್ರೇಕ್ ಹಿಡಿದು, ಒಂದು ಪೆಡಲನ್ನು ಕೆಳಕ್ಕೆ ತಂದು, ಸೀಟಿನಿಂದ ಮುಂದಕ್ಕೆ ಇಳಿದು, ಮತ್ತೊಂದು ಕಾಲನ್ನು ನೆಲಕ್ಕೆ ಊರಬೇಕು. ಅದಕ್ಕೂ ಮೊದಲೇ ಆ ಕಾಲಿನ ಕ್ಲೀಟನ್ನು ಬಿಡಿಸಿಕೊಂಡಿರಬೇಕು. ಶಾಲೆಯ ಮೈದಾನದಲ್ಲಿ ಒಂದು ಸಂಜೆ ಇದನ್ನಷ್ಟೇ ಅಭ್ಯಾಸ ಮಾಡಿ. ಈ ಭಯ ಹೋಗದೆ ಸೀಟು ಮೇಲೇರುವುದಿಲ್ಲ, ಸೀಟು ಏರದೆ ಮೊಣಕಾಲು ಸುಧಾರಿಸುವುದಿಲ್ಲ.

ಇನ್ನು ಸರಿಪಡಿಸುವ ಕ್ರಮ. ಮೂಲ ತಪ್ಪು ಹ್ಯಾಂಡಲ್ ದೂರದಲ್ಲಿದ್ದರೂ ಕೆಲಸ ಅಲ್ಲಿಂದ ಶುರುವಾಗುವುದಿಲ್ಲ. ಸೀಟು ಪೆಡಲಿಗೆ ಹೊಂದಬೇಕು, ಹ್ಯಾಂಡಲ್ ಸೀಟಿಗೆ ಹೊಂದಬೇಕು. ಹ್ಯಾಂಡಲ್ ಹತ್ತಿರವಾಗಲಿ ಎಂದು ಸೀಟನ್ನು ಎಳೆಯುವುದು ನಮ್ಮಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು.

ಕ್ಲೀಟಿನಿಂದ ಆರಂಭಿಸೋಣ, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗ ಮತ್ತು ನೋವು ಬಲಗಾಲಿಗೆ ಮಾತ್ರ ಏಕೆ ಎಂಬುದಕ್ಕೆ ಬಹುಶಃ ಉತ್ತರ ಅಲ್ಲಿದೆ. ಶಿಮಾನೊ ರೋಡ್ ಪೆಡಲುಗಳ ಕೆಂಪು ಕ್ಲೀಟು ಪಾದವನ್ನು ಒಂದೇ ಕೋನದಲ್ಲಿ ಕಟ್ಟಿಹಾಕುತ್ತದೆ, ಒಂದಿಷ್ಟೂ ತಿರುಗಲು ಬಿಡುವುದಿಲ್ಲ. ನೀಲಿ ಬಣ್ಣದ್ದು 2 ಡಿಗ್ರಿ ಬಿಡುತ್ತದೆ, ಹಳದಿ 6 ಡಿಗ್ರಿ. ಎತ್ತರದ ಮೇಜಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ಸಡಿಲವಾಗಿ ಇಳಿಬಿಡಿ. ಪಾದಗಳ ತುದಿ ಯಾವ ಕಡೆ ನೋಡುತ್ತದೆ ಎಂದು ಮನೆಯವರಿಗೆ ನೋಡಲು ಹೇಳಿ. ಬಹಳ ಜನರಲ್ಲಿ ಒಂದು ಪಾದ ಇನ್ನೊಂದಕ್ಕಿಂತ ಹೊರಕ್ಕೆ ತಿರುಗಿರುತ್ತದೆ. ಹಾಗೆ ತಿರುಗಿದ ಪಾದವನ್ನು ನೇರಕ್ಕೆ ಕಟ್ಟಿ ನಿಮಿಷಕ್ಕೆ ಎಂಬತ್ತು ಸುತ್ತು ತಿರುಗಿಸಿದರೆ ಆ ತಿರುಚು ಮೊಣಕಾಲಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಹಳದಿ ಕ್ಲೀಟು ಹಾಕಿ. ಪಾದದ ಉಬ್ಬು, ಅಂದರೆ ಹೆಬ್ಬೆರಳ ಬುಡದ ಗಂಟು, ಪೆಡಲಿನ ಅಕ್ಷದ ನೇರಕ್ಕೆ ಅಥವಾ ಒಂದು ಕೂದಲೆಳೆ ಮುಂದೆ ಬರುವಂತೆ ಬಿಗಿಯಿರಿ.

ಆಮೇಲೆ ಸೀಟನ್ನು ಸಮತಟ್ಟು ಮಾಡಿ. ಮೊಬೈಲಿನಲ್ಲಿರುವ ಮಟ್ಟಗೋಲಿನ ಆ್ಯಪ್ ಸಾಕು. ಸೈಕಲ್ ಸಮನೆಲದ ಮೇಲಿರಲಿ. ಕೊನೆಗೆ ಬೇಕೆನಿಸಿದರೆ ಮೂತಿಯನ್ನು ಒಂದೆರಡು ಡಿಗ್ರಿ ತಗ್ಗಿಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಎತ್ತರಕ್ಕೆ ಒಂದು ಪ್ರಸಿದ್ಧ ಲೆಕ್ಕವಿದೆ. ಟೂರ್ ಡಿ ಫ್ರಾನ್ಸನ್ನು 1986, 1989 ಮತ್ತು 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಅದು ಚಾಲ್ತಿಯಲ್ಲಿದೆ: ಕಾಲಿನ ಒಳಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂತರ. ನಿಮಗೆ 78 × 0.883 = 68.9 ಸೆಂ.ಮೀ. ನೀವಿರುವುದು 66ರಲ್ಲಿ. ಸುಮಾರು ಮೂರು ಸೆಂ.ಮೀ. ತಗ್ಗು ಎಂದರೆ ಅದು ಸಣ್ಣ ವ್ಯತ್ಯಾಸವಲ್ಲ. ನಾನು ಐದು ಮಿ.ಮೀ. ಬದಲಾವಣೆಗೇ ಜನರ ನೋವು ಬಂದುಹೋಗುವುದನ್ನು ಕಾಣುತ್ತೇನೆ. ಆದರೆ ಈ ಸೂತ್ರವನ್ನು ಗಣಿತದ ಪ್ರಮೇಯದಂತೆ ನಂಬಬೇಡಿ. ಪೆಡಲಿನ ದಪ್ಪ, ಶೂವಿನ ಅಟ್ಟೆ, ಕ್ರ್ಯಾಂಕಿನ ಉದ್ದ, ಪಾದದ ಅಳತೆ ಯಾವುದೂ ಅದಕ್ಕೆ ಗೊತ್ತಿಲ್ಲ. ಇನ್ನೊಂದು ಪರೀಕ್ಷೆ ಮಾಡಿ: ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ, ಪೆಡಲು ತೀರ ಕೆಳಗೆ ಬಂದಾಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಗ ಕ್ಲೀಟು ಹಾಕಿ ತುಳಿಯುವಾಗ ತಳದಲ್ಲಿ ಮೊಣಕಾಲು ಸುಮಾರು 25ರಿಂದ 35 ಡಿಗ್ರಿ ಮಡಚಿರುತ್ತದೆ. ಪಕ್ಕದಿಂದ ವಿಡಿಯೊ ತೆಗೆಸಿ ಕೋನಮಾಪಕ ಇಟ್ಟು ನೋಡಬಹುದು. ಆ ಉಪಕರಣ ನಿಮ್ಮ ಬಳಿ ಇದ್ದೇ ಇರುತ್ತದೆ.

ಮೂರು ಸೆಂ.ಮೀ. ಒಂದೇ ದಿನ ಏರಿಸಬೇಡಿ. ಎರಡು ಮೂರು ಸವಾರಿಗೊಮ್ಮೆ 5 ಮಿ.ಮೀ. ಏರಿಸುತ್ತ 68.5ರಲ್ಲಿ ನಿಂತು ನೋಡಿ. ಸೀಟ್‌ಪೋಸ್ಟಿನ ಮೇಲೆ ಕೆತ್ತಿರುವ ಗರಿಷ್ಠ ಎತ್ತರದ ಗೆರೆ ಹೊರಗೆ ಕಾಣಬಾರದು. ಏರಿಸುವಾಗ ಮೊಣಕಾಲಿನ ಹಿಂಭಾಗ ಎಳೆದಂತಾದರೆ ಅಥವಾ ಹಿಂದೆ ಬರುವವರಿಗೆ ನಿಮ್ಮ ಸೊಂಟ ಎಡಕ್ಕೆ ಬಲಕ್ಕೆ ಓಲಾಡುವುದು ಕಂಡರೆ ಹೆಚ್ಚಾಯಿತು ಎಂದು ಅರ್ಥ.

ಈಗ ನಿಮಗೆ ಇಷ್ಟವಾಗಬಹುದಾದ ತ್ರಿಕೋನಮಿತಿ. ಸೀಟಿನ ಕೊಳವೆ ನೆಟ್ಟಗಿಲ್ಲ, ನೆಲದೊಂದಿಗೆ ಸುಮಾರು 73 ಡಿಗ್ರಿ ಕೋನದಲ್ಲಿ ಹಿಂದಕ್ಕೆ ಒರಗಿದೆ. ಹಾಗಾಗಿ 30 ಮಿ.ಮೀ. ಮೇಲೇರಿದ ಸೀಟು 30 × ಕೊಸೈನ್ 73, ಅಂದರೆ ಹೆಚ್ಚುಕಡಿಮೆ 9 ಮಿ.ಮೀ. ಹಿಂದಕ್ಕೂ ಹೋಗುತ್ತದೆ. ಮುಂದಕ್ಕೆ ಎಳೆದಿರುವ ಸೀಟನ್ನು ಸರಿಯಾದ ಜಾಗಕ್ಕೆ ತಂದರೆ ಇನ್ನಷ್ಟು ಹಿಂದೆ. ಎಷ್ಟು ಹಿಂದೆ ಎಂಬುದಕ್ಕೆ ರೂಢಿಯಲ್ಲಿರುವ ಕ್ರಮ ಇದು: ಕ್ರ್ಯಾಂಕುಗಳು ನೆಲಕ್ಕೆ ಸಮಾನಾಂತರವಾಗಿದ್ದಾಗ ಮುಂದಿನ ಮೊಣಕಾಲಿನ ಚಿಪ್ಪಿನ ಕೆಳಗಿನಿಂದ ತೂಗುಗುಂಡು ಬಿಟ್ಟರೆ ದಾರ ಪೆಡಲಿನ ಅಕ್ಷದ ಮೇಲೆ ಹಾಯಬೇಕು. ಇದಕ್ಕೆ ಶರೀರಶಾಸ್ತ್ರದ ದೊಡ್ಡ ಆಧಾರವೇನೂ ಇಲ್ಲ, ಆದರೆ ಹೊಸಬರಿಗೆ ಆರಂಭದ ಗುರುತಾಗಿ ಕೆಲಸಕ್ಕೆ ಬರುತ್ತದೆ. ಒಟ್ಟಿನಲ್ಲಿ ಸೀಟು ಸರಿಹೋದಾಗ ಹ್ಯಾಂಡಲ್ ಈಗಿನದಕ್ಕಿಂತಲೂ ದೂರವಾಗುತ್ತದೆ. ನಿಮಗೆ ಮೊದಲ ಸವಾರಿಯಲ್ಲೇ ‘ಡಾಕ್ಟರು ಹೇಳಿದ್ದು ಕೇಳಿ ಕೆಟ್ಟೆ’ ಅನ್ನಿಸಬಹುದು. ಅದಕ್ಕೇ ಸ್ಟೆಮ್ ಬದಲಿಸುವ ಕೆಲಸವನ್ನು ಅದೇ ವಾರ ಇಟ್ಟುಕೊಳ್ಳಿ. 120ರ ಬದಲು 90 ಅಥವಾ 80 ಮಿ.ಮೀ., ಮೇಲ್ಮುಖವಾಗಿ ಕೂರಿಸಿದ್ದು. ಸಾದಾ ಅಲ್ಯೂಮಿನಿಯಂ ಸ್ಟೆಮ್ಮಿಗೆ ದೊಡ್ಡ ಖರ್ಚಿಲ್ಲ. ಸ್ಟೆಮ್ಮಿನ ಮೇಲೆ ಉಂಗುರಗಳಿದ್ದರೆ ಅವನ್ನು ಕೆಳಗೆ ಹಾಕಿಸಿ ಹ್ಯಾಂಡಲನ್ನು ಎತ್ತರಿಸಿ. ಇದನ್ನು ಮಾತ್ರ ತಿಳಿದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ: ಮೇಲಿನ ಮುಚ್ಚಳದ ಬೋಲ್ಟಿನಿಂದ ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಸಡಿಲಿಕೆ ತೆಗೆದ ಮೇಲೆಯೇ ಪಕ್ಕದ ಬೋಲ್ಟುಗಳನ್ನು ಬಿಗಿಯಬೇಕು, ಹ್ಯಾಂಡಲಿನ ನಾಲ್ಕು ಬೋಲ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಹೆಚ್ಚಿನ ಸ್ಟೆಮ್ಮುಗಳ ಮೇಲೆ ಮಿತಿಯನ್ನು ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಕಾರ್ಬನ್ ಬಿಡಿಭಾಗಗಳ ಮೇಲೆ ಕೈಬಲ ತೋರಿಸಿದರೆ ಅವು ಸದ್ದಿಲ್ಲದೆ ಸೀಳುತ್ತವೆ.

ಜೆಲ್ ಕವರ್ ಬೇಡ. ಅದರಲ್ಲಿ ಎಲುಬುಗಳು ಹುದುಗುತ್ತವೆ, ನಡುವಿನ ಜೆಲ್ ಉಬ್ಬಿ ಯಾವ ಜಾಗಕ್ಕೆ ಒತ್ತಡ ಬೇಡವೋ ಅಲ್ಲಿಗೇ ಒತ್ತುತ್ತದೆ. ಬೇಕಾದದ್ದು ಮೆತ್ತಗಿನ ಸೀಟಲ್ಲ, ನಿಮ್ಮ ಎಲುಬುಗಳ ಅಂತರಕ್ಕೆ ತಕ್ಕ ಅಗಲದ ಸೀಟು. ಒಳಗೆ ಅಲೆಯಲೆಯಾದ ಪದರವಿರುವ ಪೆಟ್ಟಿಗೆಯ ರಟ್ಟಿನ ತುಂಡನ್ನು ಗಟ್ಟಿ ಕುರ್ಚಿಯ ಮೇಲಿಟ್ಟು ಮುಂದಕ್ಕೆ ಬಾಗಿ ಕುಳಿತರೆ ಎರಡು ತಗ್ಗು ಬೀಳುತ್ತವೆ. ಅವುಗಳ ನಡುಗಳ ಅಂತರಕ್ಕೆ ಎರಡು ಮೂರು ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ ಸಿಗುತ್ತದೆ. ನಡುವೆ ಸೀಳು ಇರುವ ಸೀಟುಗಳು ಹಲವರಿಗೆ ಒಗ್ಗುತ್ತವೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಆಮೇಲೆ ತೊಡೆ ಉಜ್ಜಿಕೊಂಡು ಬರುತ್ತಾರೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕೆಲವು ತುಳಿತ ಎದ್ದು ನಿಂತು ತುಳಿಯಿರಿ, ರಕ್ತ ಹರಿಯಲಿ. ನೀವು ಬರೆಯದೆ ಬಿಟ್ಟಿದ್ದರೂ ನಿಮ್ಮ ಮನಸ್ಸಿನಲ್ಲಿರುವುದು ನನಗೆ ಗೊತ್ತು: ಸೈಕಲ್ ತುಳಿದರೆ ಪುರುಷತ್ವಕ್ಕೆ ತೊಂದರೆಯೇ? ಹವ್ಯಾಸಕ್ಕೆ ತುಳಿಯುವವರಲ್ಲಿ ಅಂಥ ಭಯಕ್ಕೆ ಗಟ್ಟಿ ಆಧಾರವಿಲ್ಲ. ಹಾಗೆಂದು ಮರಗಟ್ಟುವುದನ್ನು ಅಭ್ಯಾಸವಾಗುತ್ತದೆ ಎಂದು ಸಹಿಸಬಾರದು. ಅದು ನರ ಒತ್ತಿಕೊಂಡಿರುವ ಸೂಚನೆ, ಸೀಟು ಸರಿಪಡಿಸಿದರೆ ಹೋಗಲೇಬೇಕು.

ಗೇರಿನ ವಿಷಯದಲ್ಲಿ ನಿಮಗೆ ಸಿಕ್ಕಿರುವ ಸಲಹೆಯೇ ಮೊಣಕಾಲಿಗೆ ಅತಿ ದುಬಾರಿಯಾದದ್ದು. ಲೆಕ್ಕ ಮಾಡಿ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 53, ಹಿಂದೆ 15 ಹಲ್ಲಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 27 ಕಿ.ಮೀ. ವೇಗ. ಹಿಂದಿನ 15ನ್ನು ಮುಟ್ಟದೆ ಮುಂದೆ 39ಕ್ಕೆ ಇಳಿಸಿ 82 ಸುತ್ತು ತುಳಿದರೂ ಅದೇ 27. ಗಾಳಿಯ ವಿರುದ್ಧ ಮಾಡಿದ ಕೆಲಸ ಒಂದೇ, ಆದರೆ ಮೊದಲ ಬಗೆಯಲ್ಲಿ ಪ್ರತಿ ತುಳಿತದ ಬಲ ಎರಡನೆಯದಕ್ಕಿಂತ ಮೂರನೇ ಒಂದು ಪಾಲಿಗೂ ಮೀರಿ ಹೆಚ್ಚಿರುತ್ತದೆ. ತಗ್ಗಿದ ಸೀಟಿನಲ್ಲಿ ಮಡಚಿದ ಮೊಣಕಾಲಿಗೆ ಆ ಹೆಚ್ಚುವರಿ ಬಲವನ್ನು ಸಾವಿರಾರು ಬಾರಿ ಕೊಟ್ಟಿದ್ದೀರಿ. ಇನ್ನು ಎರಡು ತಿಂಗಳು 53ರ ಹಲ್ಲುಗಾಲಿ ಇಲ್ಲವೆಂದೇ ತಿಳಿಯಿರಿ. ನಿಮಿಷಕ್ಕೆ 80–90 ಸುತ್ತು ಆರಂಭದಲ್ಲಿ ಕಾಲು ಗಾಳಿಯಲ್ಲಿ ತಿರುಗಿದಂತೆ, ಸೀಟಿನ ಮೇಲೆ ಕುಪ್ಪಳಿಸಿದಂತೆ ಅನ್ನಿಸುತ್ತದೆ. ಎರಡು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಮುಂದೆ ದುಡ್ಡು ಕೂಡಿದಾಗ 50 ಮತ್ತು 34 ಹಲ್ಲಿನ ಕ್ರ್ಯಾಂಕ್ ಹಾಕಿಸಬಹುದು. ಕಾಲು ಗಟ್ಟಿಯಾಗಬೇಕಿದ್ದರೆ ಮನೆಯಲ್ಲಿ ಮಾಡಿ: ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುಳಿತು ನಿಲ್ಲುವುದು, ಮೆಟ್ಟಿಲಿನ ಅಂಚಿನಿಂದ ಒಂದು ಕಾಲನ್ನು ನಿಧಾನ ಇಳಿಸುವುದು, ಮಲಗಿ ಸೊಂಟ ಎತ್ತುವುದು. ವಾರಕ್ಕೆ ಮೂರು ದಿನ ಸಾಕು.

ಟೈರಿನ 120 ಪಿ.ಎಸ್.ಐ. ಕೂಡ ರೇಸಿನ ಹಳೆಯ ನೆನಪು. ಟೈರಿನ ಬದಿಯಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ನಿಮಗೆ ಬೇಕಾದದ್ದಲ್ಲ. ಕಲ್ಲಿನಂತೆ ಬಿಗಿದ ಟೈರು ನಮ್ಮ ಒರಟು ಡಾಂಬರಿನಲ್ಲಿ ಪುಟಿಯುತ್ತದೆ, ವೇಗ ಹೆಚ್ಚುವ ಬದಲು ಆ ನಡುಕವೆಲ್ಲ ಅಂಗೈಗೆ ಬರುತ್ತದೆ. ಫ್ರೇಮಿನಲ್ಲಿ ಜಾಗವಿದ್ದರೆ 25 ಮಿ.ಮೀ. ಟೈರು ಹಾಕಿಸಿ, ಮುಂದೆ 80, ಹಿಂದೆ 90ರಷ್ಟು ಗಾಳಿ ಇಡಿ. 23ರಲ್ಲೇ ಉಳಿದರೆ 95–100 ಸಾಕು. ಅದಕ್ಕಿಂತ ಬಹಳ ಕಡಿಮೆಯಾದರೆ ಗುಂಡಿಯ ಅಂಚಿಗೆ ಬಡಿದು ಟ್ಯೂಬಿಗೆ ಜೋಡಿ ತೂತು ಬೀಳುತ್ತದೆ. ಜಾಲಿ ಮುಳ್ಳಿಗೆ ಮಾತ್ರ ಯಾವ ಒತ್ತಡವೂ ಲೆಕ್ಕಕ್ಕಿಲ್ಲ.

ತರಬೇತಿಗೆ ಬರುತ್ತೇನೆ. ಸೈಕಲ್ ಎಷ್ಟೇ ಸರಿಹೋದರೂ ಜೂನ್‌ನಲ್ಲಿ ನೀವು ಮಾಡಿದ ಜಿಗಿತವನ್ನು ಯಾವ ಮೊಣಕಾಲೂ ಒಪ್ಪುತ್ತಿರಲಿಲ್ಲ. ಹೃದಯ, ಶ್ವಾಸಕೋಶಗಳು ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ದಮ್ಮು ಇದೆ ಎಂದು ಮುಂದೆ ಹೋದ ನಿಮ್ಮನ್ನು ರಜ್ಜು ಹಿಂದಕ್ಕೆ ಎಳೆಯಿತು. ಅದೂ ಜೂನ್‌ನಲ್ಲಿ! ನಮ್ಮ ಬಯಲಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಹೇಗೆ ಬೀಸುತ್ತದೆ ಎಂದು ವಿಜಯಪುರದವರಿಗೆ ಹೇಳಬೇಕಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎದುರುಗಾಳಿಯಲ್ಲಿ ಹುಡುಗರ ವೇಗ ಹಿಡಿಯಲು ಹೋದವರು ಗೇರ್ ಇಳಿಸುವುದಿಲ್ಲ, ಹಲ್ಲು ಕಚ್ಚಿ ದೊಡ್ಡದರಲ್ಲೇ ತುಳಿಯುತ್ತಾರೆ. ಮೀಟರ್ ನೋಡಬೇಡಿ, ಉಸಿರು ನೋಡಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಅದು ನಿಮ್ಮ ವೇಗ, ಗಂಟೆಗೆ 17 ಆಗಿದ್ದರೂ ಸರಿ. ಈ ಗಾಳಿಯ ತಿಂಗಳುಗಳಲ್ಲಿ ತಿಕೋಟಾ ಕಡೆಗೆ, ಅಂದರೆ ಪಶ್ಚಿಮಕ್ಕೆ ಹೊರಡಿ. ಹೋಗುವಾಗ ಎದುರುಗಾಳಿ, ದಣಿದು ಮರಳುವಾಗ ಬೆನ್ನಿಗೆ ಗಾಳಿ. ಪೂರ್ವದ ಸಿಂದಗಿ ಕಡೆಗೆ ಹೊರಟವರು ಹೋಗುವಾಗ ತಾವೇ ಚಾಂಪಿಯನ್ನರು ಎಂದುಕೊಂಡು ಬರುವಾಗ ಅಳುತ್ತಾರೆ.

ಮೊದಲ ಎರಡು ವಾರ ದಿನಕ್ಕೆ 20 ಕಿ.ಮೀ. ದಾಟಬೇಡಿ, ಒಂದು ದಿನ ಬಿಟ್ಟು ಒಂದು ದಿನ, ಸಮತಟ್ಟು ರಸ್ತೆ, ಚಿಕ್ಕ ಗೇರು. ಭೂತನಾಳ ಕೆರೆಯ ಕಡೆಗೆ ಹೋಗಿ ಬಂದರೆ ಸಾಕು. ಪೂರ್ತಿ ನಿಲ್ಲಿಸುವುದಕ್ಕಿಂತ ಇದೇ ಒಳ್ಳೆಯದು, ರಜ್ಜುಗಳು ಹಗುರ ಕೆಲಸದಲ್ಲಿ ಚೇತರಿಸಿಕೊಳ್ಳುತ್ತವೆ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಮುಂದುವರಿಸಿ, ಹೆಚ್ಚಾದರೆ ಹಿಂದಿನ ವಾರದ ದೂರಕ್ಕೆ ಮರಳಿ. ಆಮೇಲೆ ಭಾನುವಾರದ ಸವಾರಿಯನ್ನು 40ರಿಂದ ಶುರುಮಾಡಿ ವಾರಕ್ಕೆ 10 ಕಿ.ಮೀ.ಯಂತೆ ಏರಿಸಿ, ಪ್ರತಿ ನಾಲ್ಕನೇ ವಾರ ತಗ್ಗಿಸಿ. ವಾರದಲ್ಲಿ ಒಂದೇ ದಿನ ಏದುಸಿರು ಬರುವಂತೆ ತುಳಿಯುವುದು, ಉಳಿದ ದಿನ ಹಗುರ. ಹುಡುಗರ ಗುಂಪು ಬೇಕೇಬೇಕು ಎನಿಸಿದರೆ ಚಹಾ ಕುಡಿಯುವ ಜಾಗದಲ್ಲಿ ಸೇರಿಕೊಳ್ಳಿ.

ಒಂದು ಗಂಟೆ ದಾಟುವ ಸವಾರಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬಿಸಿಲಿದ್ದರೆ ಓ.ಆರ್.ಎಸ್. ಬೆರೆಸಿದ್ದು. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಅದಕ್ಕೆ ವಿದೇಶಿ ಪೊಟ್ಟಣಗಳ ಅಗತ್ಯವಿಲ್ಲ. ನಮ್ಮ ಜಿಲ್ಲೆಯದೇ ಒಣದ್ರಾಕ್ಷಿ 40 ಗ್ರಾಂ ತಿಂದರೆ ಸುಮಾರು 30 ಗ್ರಾಂ ಸಿಕ್ಕಿತು. ಬಾಳೆಹಣ್ಣು, ಕರದಂಟು ಕೂಡ ಒಳ್ಳೆಯವೇ.

ಕೈಗಳಿಗೆ ಒಂದು ಮಾತು. ಮೊಣಕೈ ಸಡಿಲವಾಗಿ ಮಡಚಿರಲಿ, ಹಿಡಿಯುವ ಜಾಗವನ್ನು ಆಗಾಗ ಬದಲಿಸಿ, ಮಣಿಕಟ್ಟು ಹಿಂದಕ್ಕೆ ಬಾಗದಿರಲಿ. ಸೀಟು ಸಮತಟ್ಟಾದ ಮೇಲೆ ಜೋಮು ಬೇಗ ಕಡಿಮೆಯಾಗಬೇಕು. ಆದರೆ ಸೀಮೆಸುಣ್ಣ ಹಿಡಿಯಲಾಗುವುದಿಲ್ಲ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಎಚ್ಚರಿಸಿದ ಸಾಲು ಅದೇ. ಜೋಮು ಬೇರೆ, ಹಿಡಿತ ಸೋಲುವುದು ಬೇರೆ. ಸೀಟು, ಸ್ಟೆಮ್ ಬದಲಿಸಿ ಎರಡು ವಾರವಾದರೂ ಬೆರಳಿನ ಬಲ ಮರಳದಿದ್ದರೆ ನರರೋಗ ತಜ್ಞರನ್ನು ಕಂಡು ನರಗಳ ವಹನ ಪರೀಕ್ಷೆ ಮಾಡಿಸಿ. ಮೊಣಕಾಲು ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ನೋಯುತ್ತಿದ್ದರೆ ಮೂಳೆ ತಜ್ಞರನ್ನು ನೋಡಬೇಕು. ದೂರದ ಸವಾರಿಗೆ ಇಳಿಯುವ ಮೊದಲು ಹೃದಯದ ಸಾಮಾನ್ಯ ತಪಾಸಣೆಯೂ ಆಗಲಿ. 46ಕ್ಕೆ ಅದು ಅತಿಯಲ್ಲ.

ಇಷ್ಟೆಲ್ಲ ತಾಪತ್ರಯಕ್ಕಿಂತ ವೃತ್ತಿಪರರಿಂದ ಬೈಕ್ ಫಿಟ್ (ಮೈಗೆ ತಕ್ಕಂತೆ ಸೈಕಲ್ಲಿನ ಹೊಂದಾಣಿಕೆ) ಮಾಡಿಸಿದರಾಯಿತಲ್ಲ ಎಂದು ಕೇಳಬಹುದು. ಪುಣೆ, ಬೆಂಗಳೂರಿನಲ್ಲಿ ಮಾಡುತ್ತಾರೆ, ಒಳ್ಳೆಯವರ ಕೈಗೆ ಸಿಕ್ಕರೆ ಹಣ ವ್ಯರ್ಥವಲ್ಲ. ಆದರೆ ನಿಮ್ಮ ಈಗಿನ ತಪ್ಪುಗಳು ಕಣ್ಣಿಗೆ ರಾಚುವಷ್ಟು ದೊಡ್ಡವು, ಅವನ್ನು ಮನೆಯಲ್ಲೇ ತಿದ್ದಿ ಎರಡು ತಿಂಗಳು ತುಳಿದ ಮೇಲೂ ಏನಾದರೂ ಉಳಿದರೆ ಹೋಗಿ. ನೋವಿನ ಮೈಯನ್ನು ಅಳೆದು ಕೂರಿಸಿದ ಭಂಗಿ ನೋವು ಹೋದ ಮೇಲೆ ಮತ್ತೆ ಬದಲಾಗುತ್ತದೆ. ನಿಮ್ಮ ಕಷ್ಟ ಕೇಳದೆ ಯಂತ್ರದ ಸಂಖ್ಯೆಗಳಿಂದಲೇ ಆರಂಭಿಸುವವರಾದರೆ ಎದ್ದು ಬನ್ನಿ.

ಸೈಕಲ್ ಮಾರುವುದು ಇನ್ನೊಂದು ದಾರಿ. 80 ಮಿ.ಮೀ. ಸ್ಟೆಮ್ ಹಾಕಿದ ಮೇಲೂ ಹ್ಯಾಂಡಲ್ ದೂರವೇ ಎನಿಸಿದರೆ ಫ್ರೇಮೇ ನಿಮಗೆ ದೊಡ್ಡದು. ಅದಕ್ಕಿಂತ ಗಿಡ್ಡ ಸ್ಟೆಮ್ ಹಾಕಿ ತಿರುಚಾಡಿದರೆ ಹ್ಯಾಂಡಲ್ ಅಳ್ಳಕವಾಗಿ ತಿರುಗುತ್ತದೆ. ಆಗ ದೂರದ ಸವಾರಿಗೆಂದೇ ಮಾಡಿದ, ಹ್ಯಾಂಡಲ್ ಎತ್ತರವೂ ಹತ್ತಿರವೂ ಇರುವ, 28 ಮಿ.ಮೀ. ಟೈರು ಹಿಡಿಯುವ ಮಾದರಿಯನ್ನು, ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ 52 ಸೆಂ.ಮೀ. ಫ್ರೇಮಿನ ಅಳತೆಯಲ್ಲಿ, ತುಳಿದು ನೋಡಿಯೇ ಕೊಳ್ಳಿ. ಹೊಸ ಸೈಕಲ್ಲಿನಲ್ಲೂ ಸೀಟನ್ನು ಮೂರು ಸೆಂ.ಮೀ. ಇಳಿಸಿ ದೊಡ್ಡ ಗೇರ್ ತುಳಿದರೆ ಇದೇ ನೋವು ಇನ್ನೂ ಹೆಚ್ಚಿನ ಬೆಲೆಗೆ ಬರುತ್ತದೆ. ಈ ಆಯ್ಕೆಯನ್ನು ನಾನು ಅಕ್ಟೋಬರ್‌ವರೆಗೆ ಮುಂದೂಡುತ್ತೇನೆ.

ಇನ್ನು ಜನವರಿಯ ಬ್ರೆವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಊಟ, ಪಂಕ್ಚರ್ ಎಲ್ಲ ಸೇರಿ. ಭಾಗಿಸಿದರೆ ಗಂಟೆಗೆ 15 ಕಿ.ಮೀ.ಯೂ ಇಲ್ಲ. ಅದು ಓಟದ ಸ್ಪರ್ಧೆಯಲ್ಲ, ಅದಕ್ಕೆ ಮೊದಲು 200 ಕಿ.ಮೀ. ತುಳಿದು ನೋಡುವ ಅಗತ್ಯವೂ ಇಲ್ಲ, 130–140 ಕಿ.ಮೀ. ಆರಾಮವಾಗಿ ಆದವರಿಗೆ ಉಳಿದದ್ದು ಆಗುತ್ತದೆ. ನವೆಂಬರ್ ಕೊನೆಗೆ ಕೊಲ್ಹಾರದ ಕೃಷ್ಣಾ ಸೇತುವೆಗೆ ಹೋಗಿ ಬನ್ನಿ, ಅದು 80 ಕಿ.ಮೀ. ಹತ್ತಿರ. ಡಿಸೆಂಬರ್‌ನಲ್ಲಿ ಇನ್ನೂ ದೂರದ ಆಲಮಟ್ಟಿಗೆ. ಆ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದಿರುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದೀಪವಿರುವುದಿಲ್ಲ. ಬೆಳಕು ಹರಿಯುವ ಮೊದಲು ಹೊರಡುವುದಾದರೆ ಮುಂದೆ ಗಟ್ಟಿ ದೀಪ, ಹಿಂದೆ ಕೆಂಪು ದೀಪ, ಹೊಳೆಯುವ ಅಂಗಿ ಇರಲಿ. ಆಲಮಟ್ಟಿಗೆ ಹೋಗಿ ಬಂದ ಮರುದಿನ ಶಾಲೆಯ ಮೆಟ್ಟಿಲುಗಳನ್ನು ನೋವಿಲ್ಲದೆ ಇಳಿದಿರಾದರೆ ಬ್ರೆವೆಗೆ ಹೆಸರು ಕೊಡಿ. ಇಳಿಯಲಾಗದಿದ್ದರೆ ಈ ಋತುವನ್ನು ಬಿಟ್ಟು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.